ಸೊಪ್ಪಿನ ಬೆಟ್ಟದ ಕಡೆ ಬೆರಳು ತೋರಿಸಿದವನು

ಸಫಿಯಾ, ಐದು ವರ್ಷದ ಹಿಂದೆ ನಿಮ್ಮಪ್ಪನಿಗೆ ನಾನು ಕೊಡಿಸಿದ ಜಾಗಕ್ಕೆ ದಾರಿ ಇಲ್ಲವೆಂಬುದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತೋರಿಸಿದೆ, ಗೊತ್ತಿದ್ದೂ ರಿಜಿಸ್ಟರ್ ಮಾಡಿಸಿದೆ. ಆಮೇಲೆ ನನಗೂ ಗೊತ್ತಿರಲಿಲ್ಲವೆಂದು ಅವರ ಮುಖ ನೋಡಿಕೊಂಡೇ ಹೇಳಿದೆ. ವಿಷಯ ಇಷ್ಟೇ — ಇಷ್ಟನ್ನು ಬರೆಯಲು ಮೂರು ದಿನ ಬೇಕಾಯಿತು.

ಕಳೆದ ವಾರ ನೀನು ಎನ್.ಆರ್. ಪುರದಿಂದ ಕೊಪ್ಪಕ್ಕೆ ಬಂದಿದ್ದೆ. ಮೆಡಿಕಲ್ ಶಾಪಿನಲ್ಲಿ ದುಡಿದು ಕೂಡಿಟ್ಟದ್ದರಲ್ಲಿ ಮುತ್ತಿನಕೊಪ್ಪದ ಕಡೆ ಒಂದು ಸೈಟು ಮಾಡಿಡಬೇಕು ಎಂದೆ. ತಾಲ್ಲೂಕು ಕಚೇರಿಯ ಎದುರು, ಪತ್ರ ಬರೆಯುವವರ ಅಂಗಡಿಯ ಬೆಂಚಿನ ಮೇಲೆ, ನಾನು ಇಪ್ಪತ್ತು ವರ್ಷದಿಂದ ಕೂತು ದಲ್ಲಾಳಿ ಕೆಲಸ ಮಾಡುವ ಆ ಬೆಂಚಿನ ಮೇಲೆಯೇ ಕೂತು ನೀನು ನೋಟ್‌ಬುಕ್ ತೆರೆದೆ. “ಅಂಕಲ್, ಫಸ್ಟ್ ಟೈಮ್ ಜಾಗ ತಗೊಳ್ಳೋರು ಎಂತೆಲ್ಲ ನೋಡ್ಬೇಕು ಹೇಳಿ, ಬರ್ಕೊಳ್ತೀನಿ” ಎಂದೆ. ಪಕ್ಕದಲ್ಲಿದ್ದ ನಿಮ್ಮಪ್ಪ, “ಶೇಷಣ್ಣ ಹೇಳಿದ್ಮೇಲೆ ಬೇರೆ ಯಾರನ್ನೂ ಕೇಳೋದೇ ಬ್ಯಾಡ” ಎಂದುಬಿಟ್ಟರು. ನಾನು ಚಹಾ ಹೇಳಿ ಬರುತ್ತೇನೆಂದು ಎದ್ದು ಹೋದವನು ತಿರುಗಿ ಬರಲೇ ಇಲ್ಲ. ನಿನ್ನ ಆ ಹಾಳೆ ಖಾಲಿ ಉಳಿಯಿತು. ಈಗ ಅದನ್ನೇ ತುಂಬುತ್ತಿದ್ದೇನೆ. ಆದರೆ ನನ್ನ ಸಲಹೆ ಎಲ್ಲಿಂದ ಬಂತೆಂದು ತಿಳಿಯದೆ ನೀನು ಅದನ್ನು ತೆಗೆದುಕೊಳ್ಳಬಾರದು.

ನಿಮ್ಮಪ್ಪ ಇಸ್ಮಾಯಿಲ್ ಕೊಪ್ಪ–ಶೃಂಗೇರಿ ಬಸ್ಸಿನ ಕಂಡಕ್ಟರ್. ದಿನಕ್ಕೆ ಹತ್ತು ಜನ ಯಾತ್ರಿಕರಾದರೂ ಬ್ಯಾಗು ಹಿಡಿದುಕೊಂಡು ಅವರನ್ನು ಕೇಳುತ್ತಿದ್ದರು, “ಇಲ್ಲಿ ಉಳಿಯೋಕೆ ರೂಮು ಎಲ್ಲಿ ಸಿಗುತ್ತೆ?” ವರ್ಷಗಟ್ಟಲೆ ಬೇರೆಯವರ ಲಾಡ್ಜಿನ ದಾರಿ ಹೇಳಿದ ಮನುಷ್ಯನಿಗೆ ಒಂದು ದಿನ, ನಾನೇ ಎರಡು ರೂಮು ಯಾಕೆ ಕಟ್ಟಬಾರದು ಅನ್ನಿಸಿತು. ಎಷ್ಟು ಸರಿಯಾದ ಯೋಚನೆ! ಬಂಡವಾಳ ಹಾಕುವವರು ಎಲ್ಲೆಲ್ಲೋ ನೋಡುತ್ತಾರೆ, ನಿಮ್ಮಪ್ಪ ತಮ್ಮ ಬಸ್ಸಿನ ಬಾಗಿಲಲ್ಲೇ ಗಿರಾಕಿಯನ್ನು ನೋಡಿದ್ದರು. ಆಗ ಕಾಲೇಜಿಗೆ ಹೋಗುತ್ತಿದ್ದ ನೀನು ಎರಡು ರೂಮು, ಮುಂದೊಂದು ಜಗಲಿ ಎಂದು ನಕ್ಷೆ ಬರೆದು ಕೊಟ್ಟಿದ್ದೆ. ಅದನ್ನು ಅವರು ಟಿಕೆಟ್ ಬ್ಯಾಗಿನಿಂದ ತೆಗೆದು ನನಗೆ ತೋರಿಸಿ, “ನಂಗೆ ಈ ಜಾಗದ ವಿಚಾರ ಎಂತದೂ ಗೊತ್ತಿಲ್ಲ ಮಾರಾಯ್ರೆ, ನೀವು ಹೂಂ ಅಂದ್ರೆ ಆಯ್ತು” ಎಂದರು.

ಶೃಂಗೇರಿ ರಸ್ತೆಗೆ ಹತ್ತಿರ ಒಂದು ಹತ್ತು ಗುಂಟೆ ಜಾಗ ಮಾರಿಸಿಕೊಡಲು ನನ್ನ ಕೈಯಲ್ಲಿತ್ತು. ಆ ಜಾಗಕ್ಕೂ ಟಾರ್ ರಸ್ತೆಗೂ ನಡುವೆ ಸೊಪ್ಪಿನ ಬೆಟ್ಟ. ತೋಟದವರು ತೋಟಕ್ಕೆ ಬೇಕಾದ ಹಸಿ ಸೊಪ್ಪು, ಉದುರಿದ ಒಣ ದರಗೆಲೆ ತರಲಿ ಎಂದು ಬಿಟ್ಟಿರುವ ಸರ್ಕಾರದ ಕಾಡು ಅದು. ಸೊಪ್ಪು ಕಡಿಯಬಹುದು, ಮಾರುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ, ಮಣ್ಣು ಕಡಿದು ರಸ್ತೆ ಮಾಡುವ ಹಾಗಿಲ್ಲ. ಜಾಗದ ಯಜಮಾನರು ನನಗೆ ಇದನ್ನು ಬಿಡಿಸಿ ಹೇಳಿದ್ದರು — “ದಾರಿ ಇಲ್ಲ ಅಂತ ತಗೊಳ್ಳೋರಿಗೆ ಹೇಳು.” ಅದು ವರ್ಷಗಟ್ಟಲೆ ಯಾರೂ ಕೊಳ್ಳದೆ ಬಿದ್ದಿದ್ದ ಜಾಗ. ಬೆಂಚಿನ ಮೇಲಿನ ಉಳಿದ ದಲ್ಲಾಳಿಗಳು ಕೈಬಿಟ್ಟದ್ದನ್ನು ನಾನು ಮಾರಿ ತೋರಿಸುತ್ತೇನೆಂಬ ಜಂಬ ನನಗೆ. ಮನೆಯಲ್ಲಿ ಕಷ್ಟವಿತ್ತು, ಅನಾರೋಗ್ಯವಿತ್ತು ಎಂದೆಲ್ಲ ಬರೆಯಬಹುದಿತ್ತು — ಏನೂ ಇರಲಿಲ್ಲ. ಜಂಬ ಮಾತ್ರ ಇತ್ತು.

ಜಾಗ ತೋರಿಸಿದ ದಿನ ಟಾರ್ ರಸ್ತೆಯ ಅಂಚಿನಲ್ಲೇ ನಿಂತು, “ಇಲ್ಲಿಂದ ಹಿಂದಕ್ಕೆ” ಎಂದು, ಆ ಬೆಟ್ಟವೂ ಜಾಗಕ್ಕೇ ಸೇರಿದ್ದೆಂಬಂತೆ ಬೆರಳು ತೋರಿಸಿದೆ. ಅದೇ ಹೊತ್ತಿಗೆ ಮರಗಳ ಸಂದಿಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಹಸಿ ಸೊಪ್ಪಿನ ಹೊರೆ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ಬಂದಳು. ತೋಟದ ಮನೆಯಲ್ಲಿ ಬೆಳೆದ ಯಾರೇ ಆಗಿದ್ದರೂ ಆ ಹೊರೆ ನೋಡಿದ ಕೂಡಲೇ ಇದು ಸೊಪ್ಪಿನ ಬೆಟ್ಟ ಎಂದು ಅಲ್ಲಿಂದಲೇ ವಾಪಸು ಹೊರಡುತ್ತಿದ್ದರು. ನಿಮ್ಮಪ್ಪ ಪೇಟೆಯಲ್ಲಿ ಬೆಳೆದವರು. “ಅದ್ಯಾರು? ನಮ್ ಜಾಗದಲ್ಲಿ ಎಂತ ಮಾಡ್ತಿದಾರೆ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಜಾಗದಲ್ಲೇ ಕೇಳಿದರು, ಸಫಿಯಾ. ನಾನು, “ಸೊಪ್ಪಿಗೆ ಬಂದವ್ರು, ಬಿಡು ಮಾರಾಯ” ಎಂದೆ. ಅವಳು ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟುಕೊಟ್ಟು ಹೋದಳು.

ಬರೆದುಕೋ. ಜಾಗದ ಮೇಲೆ ಯಾರೇ ಕಾಣಲಿ — ಸೊಪ್ಪಿಗೆ ಬಂದವರು, ದನ ಮೇಯಿಸುವವರು, ನೀರಿಗೆ ಬಂದವರು — ದಲ್ಲಾಳಿಯನ್ನು ಕೇಳಬೇಡ, ಅವರನ್ನೇ ನಿಲ್ಲಿಸಿ ಮಾತಾಡಿಸು. ಇನ್ನೊಂದು ದಿನ ದಲ್ಲಾಳಿ ಇಲ್ಲದೆ ಹೋಗಿ ಅಕ್ಕಪಕ್ಕದ ಮನೆಯಲ್ಲಿ ಕೇಳು.

ನಿಮ್ಮಪ್ಪ ಪಹಣಿಯನ್ನು ತರಿಸಿ ನೋಡದೆ ಇರಲಿಲ್ಲ. ಪಹಣಿ ಸರಿಯಾಗಿಯೇ ಇತ್ತು, ಋಣಭಾರ ಪತ್ರವೂ ಸರಿಯಾಗಿಯೇ ಇತ್ತು. ಕಾಗದದಲ್ಲಿ ಎಲ್ಲೂ ಸುಳ್ಳಿರಲಿಲ್ಲ, ನನ್ನ ಬೆರಳಿನಲ್ಲಿತ್ತು. ಆದ್ದರಿಂದ ಕಾಗದ ನೋಡಿದರೆ ಸಾಲದು. ಸರ್ವೆಯವರನ್ನು ಕರೆಸಿ ಅಳತೆ ಹಾಕಿಸು, ನಕ್ಷೆ ಹಿಡಿದುಕೊಂಡು ನಾಲ್ಕೂ ಗಡಿಗೆ ನೀನೇ ನಡೆದು ಹೋಗು. ನಕ್ಷೆಯಲ್ಲಿ ರಸ್ತೆ ಜಾಗಕ್ಕೆ ಮುಟ್ಟದಿದ್ದರೆ, ನೆಲದ ಮೇಲೆ ಜೀಪು ಹೋಗುತ್ತಿದ್ದರೂ ಅದನ್ನು ನಂಬಬೇಡ. ಬೇಸಿಗೆಯಲ್ಲಿ ನೋಡಿದ್ದನ್ನು ಮಳೆಗಾಲದಲ್ಲೂ ನೋಡು, ನಮ್ಮ ಕಡೆ ನೆಲದಡಿಯಿಂದ ಜಲ ಎಲ್ಲಿ ಉಕ್ಕಿ ಏಳುತ್ತದೆಂದು ಹೇಳಲಾಗದು. ಕೃಷಿ ಜಮೀನು ತೋರಿಸಿ, “ಮನೆ ಕಟ್ಟೋಕೆ ಕನ್ವರ್ಶನ್ ಆಮೇಲೆ ಮಾಡಿಸ್ಬಹುದು” ಎಂದು ಯಾರಾದರೂ ಹೇಳಿದರೆ, ಮಾಡಿಸಿಯೇ ಮಾರಿ ಎನ್ನು. ನಾನು ಹಾಗೆಯೇ ಹೇಳಿದ್ದೆ. ಮತ್ತೆ, “ಬೇರೆ ಪಾರ್ಟಿ ಕಾಯ್ತಾ ಇದೆ, ಇವತ್ತೇ ಅಡ್ವಾನ್ಸ್ ಕೊಡಿ” ಎಂದರೆ ನಗುತ್ತಾ ಎದ್ದು ಬಾ. ಇಪ್ಪತ್ತು ವರ್ಷದಲ್ಲಿ ನಾನು ಹೇಳಿದ ಬೇರೆ ಪಾರ್ಟಿಗಳಲ್ಲಿ ಮುಕ್ಕಾಲು ಪಾಲು ಹುಟ್ಟಿಯೇ ಇರಲಿಲ್ಲ.

ನೋಂದಣಿಯಾದ ಮೇಲೆ ನಿಮ್ಮಪ್ಪ ರಸ್ತೆ ಬಿಡಿಸಲು ಜೆಸಿಬಿ ತರಿಸಿದರು. ಅರ್ಧ ತಾಸಿನಲ್ಲಿ ಅಧಿಕಾರಿಗಳು ಬಂದು, ಇದು ಸರ್ಕಾರದ ಸೊಪ್ಪಿನ ಬೆಟ್ಟ ಎಂದು ನಿಲ್ಲಿಸಿದರು. ಆ ಮಧ್ಯಾಹ್ನ ಅವರು ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಾಗ — ಬೈದಿದ್ದರೆ, ಕಾಲರ್ ಹಿಡಿದಿದ್ದರೆ, ಬಹುಶಃ ನಾನು ಅಲ್ಲೇ... ಗೊತ್ತಿಲ್ಲ. ಅವರು ಮೆಲ್ಲಗೆ ಕೇಳಿದರು, “ನಿಮ್ಗೆ ಗೊತ್ತಿತ್ತಾ ಶೇಷಣ್ಣ?” ನಾನು ಹೇಳಿದೆ, “ಇಲ್ಲ ಇಸ್ಮಾಯಿಲ್, ನಂಗೂ ಹೇಳ್ಲಿಲ್ಲ ಅವ್ರು.” ಅವರು ನನ್ನ ಭುಜದ ಮೇಲೆ ಕೈಯಿಟ್ಟರು. “ನಿಮ್ಗೂ ಮೋಸ ಮಾಡಿದ್ರಲ್ಲ ಮಾರಾಯ್ರೆ” ಎಂದರು. ನನಗೆ ಸಮಾಧಾನ ಹೇಳಿದರು!

ಒಂದೇ ಉಸಿರಿನಲ್ಲಿ ಇಬ್ಬರಿಗೆ ದ್ರೋಹ ಮಾಡಿದೆ. ಸತ್ಯ ಹೇಳಿದ್ದ ಆ ಯಜಮಾನರನ್ನು ನಿಮ್ಮಪ್ಪ ಇವತ್ತಿಗೂ ಬಸ್ಸಿನಲ್ಲಿ ಮಾತಾಡಿಸುವುದಿಲ್ಲ. ನನಗೆ ಮಾತ್ರ ಮುಂದಿನ ಸೀಟಿನ ಮೇಲೆ ಟಿಕೆಟ್ ಬ್ಯಾಗು ಇಟ್ಟು ಜಾಗ ಹಿಡಿದಿರುತ್ತಾರೆ. ಐದು ವರ್ಷದಿಂದ ನಾಚಿಕೆಯಿಲ್ಲದೆ ಆ ಸೀಟಿನಲ್ಲಿ ಕೂತಿದ್ದೇನೆ. ಎಷ್ಟೋ ಸಲ ಟಿಕೆಟ್ ದುಡ್ಡನ್ನೂ ತೆಗೆದುಕೊಳ್ಳದೆ, “ಇರ್ಲಿ ಬಿಡಿ” ಎಂದಿದ್ದಾರೆ.

ನೀನು ಬಂದು ಹೋದ ದಿನ ಹೆಂಡತಿಗೆ ಎಲ್ಲ ಹೇಳಿದೆ. ಕೊಪ್ಪದಲ್ಲಿ ಶೃಂಗೇರಿ ರಸ್ತೆಗೇ ತಾಗಿ ನನ್ನ ಹೆಸರಿನಲ್ಲೊಂದು ಸೈಟಿದೆ, ಕಾಗದವೆಲ್ಲ ಸರಿಯಿರುವ, ದಾರಿಯಿರುವ ಸೈಟು. ಅದನ್ನು ಇಸ್ಮಾಯಿಲ್‌ಗೆ ಬರೆದುಕೊಟ್ಟು ಆ ಹತ್ತು ಗುಂಟೆಯನ್ನು ನಾನು ತೆಗೆದುಕೊಳ್ಳುತ್ತೇನೆ, ಏನೋ ಒಂದು ಕಾರಣ ಹೇಳಿದರಾಯಿತು ಎಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ, “ಕೊಡಿ, ನಾನೆಂತ ಬ್ಯಾಡ ಅನ್ನಲ್ಲ. ಆದ್ರೆ ಮೊದ್ಲು ಬಾಯಿಬಿಟ್ಟು ಹೇಳಿ. ಇಲ್ದಿದ್ರೆ ಅವ್ರು ನಿಮ್ಗೆ ಕೈ ಮುಗಿದಾರು, ಅದ್ನ ಹ್ಯಾಂಗೆ ತಡ್ಕೊಳ್ತೀರಿ?” ಎಂದಳು.

ಅವಳ ಮಾತು ನಿಜ. ಅದಲು-ಬದಲು ಪತ್ರದ ಕರಡು ಸಿದ್ಧವಾಗಿದೆ, ಆದರೆ ಅದನ್ನು ಆಮೇಲೆ ಕೊಡುತ್ತೇನೆ. ನೀನು ಅದನ್ನೂ ಸುಮ್ಮನೆ ಒಪ್ಪಬೇಡ. ಸರ್ವೆ ಮಾಡಿಸು, ನಕ್ಷೆ ಹಿಡಿದು ನಡೆ, ಪಕ್ಕದವರನ್ನು ಕೇಳು. ನನ್ನ ಮಾತಿಗೆ ಇನ್ನು ಮೇಲೆ ನಿಮ್ಮ ಮನೆಯಲ್ಲಿ ಇಷ್ಟೇ ಬೆಲೆ ಇರಬೇಕು. ಆ ಯಜಮಾನರ ಮನೆಗೂ ಹೋಗಿ ಇದೇ ಮಾತು ಹೇಳಿ ಬರುತ್ತೇನೆ.

ನಾಳೆ ಬೆಳಿಗ್ಗೆ ಬಸ್ಸು ಕೊಪ್ಪ ಸ್ಟ್ಯಾಂಡಿನಲ್ಲಿ ಕಾಲು ಗಂಟೆ ನಿಲ್ಲುತ್ತದೆ. ಸುಳ್ಳು ಹೇಳಿದ ಜಾಗದಲ್ಲೇ ನಿಂತು ನಿಜ ಹೇಳಿ, ಈ ಹಾಳೆಗಳನ್ನು ನಿಮ್ಮಪ್ಪನ ಕೈಗೇ ಕೊಡುತ್ತೇನೆ. ಇದು ನಿನಗೆ ತಲುಪಿದ್ದರೆ ಅವರು ಓದಿ ಆಗಿದೆ ಎಂದರ್ಥ. ಕ್ಷಮಿಸುತ್ತಾರೋ ಇಲ್ಲವೋ, ಅದನ್ನು ಕೇಳುವ ಮುಖ ನನಗಿಲ್ಲ. ಅವರು ಎಂದಿನಂತೆ ನನ್ನನ್ನು ಕಂಡು ಮುಂದಿನ ಸೀಟಿನಿಂದ ಬ್ಯಾಗು ಎತ್ತಿಕೊಳ್ಳುತ್ತಾರೆ, ಕೂತ್ಕೊಳ್ಳಿ ಎನ್ನುತ್ತಾರೆ. ನಾಳೆ ನಾನು ಕೂರುವುದಿಲ್ಲ.