ನಳ ಬಂದರೂ ಏಳದವರು

ಮೊನ್ನೆ ಸೊಸೆ ಚಿವಡಾ ಮಾಡಿದಳು. ಎಣ್ಣೆಯಲ್ಲಿ ಬೆಳ್ಳುಳ್ಳಿ, ಕರಿಬೇವು ಚಟಪಟ ಎಂದು, ಶೇಂಗಾ ಕೆಂಪಗಾಗಿ, ಮೇಲೆ ಅವಲಕ್ಕಿ ಬೀಳುವ ಹೊತ್ತಿಗೆ ಏಳುವ ವಾಸನೆ ಇದೆಯಲ್ಲ, ಅದು ಬಂದರೆ ಮನೆಮಂದಿಗೆಲ್ಲ ಹಸಿವಾಗುತ್ತದೆ. ನನಗೆ ಮಾತ್ರ ಮೊದಲು ನಾಚಿಕೆಯಾಗುತ್ತದೆ, ಹಸಿವು ಆಮೇಲೆ. ಅದೇ ಹೊತ್ತಿಗೆ ಮೊಮ್ಮಗ ಫೋನು ಹಿಡಿದು ಬಂದ. ಶುಕ್ರವಾರ ಬರಲಿರುವ ಸಿನಿಮಾವನ್ನು ಯಾರೋ ನಾಲ್ಕು ಮಂದಿಗೆ ಮೊದಲೇ ತೋರಿಸಿದ್ದಾರಂತೆ. “ಅಜ್ಜಾ, ಐದಕ್ಕ ನಾಕೂವರಿ ಚಿಕ್ಕಿ ಕೊಟ್ಟಾರ!” ಎಂದು ಫೋನಿನಲ್ಲಿದ್ದ ನಕ್ಷತ್ರಗಳ ಸಾಲು ತೋರಿಸಿದ. ಚಿಕ್ಕಿ ಕೊಟ್ಟವರಿಗೆ ತಿನ್ನಲು ಏನು ಕೊಟ್ಟಿದ್ದರು ಎಂದು ಕೇಳಿದೆ. ಅಜ್ಜನಿಗೆ ಅರಳು ಮರಳು ಎಂದುಕೊಂಡು ಅವನು ನಕ್ಕ. ಅವನ ತಪ್ಪಲ್ಲ, ಅವನು ಮಾವಶಿಯನ್ನು ನೋಡಿಲ್ಲ…

ಏಕೀಕರಣವಾಗಿ ಒಂದೆರಡು ವರ್ಷವಾಗಿತ್ತು. ಹುಕ್ಕೇರಿಯವನಾದ ನಾನು ಗೋಕಾಕದ ಸಾಲೆಯೊಂದರಲ್ಲಿ ಮಾಸ್ತರನಾಗಿ ಸೇರಿದ್ದೆ. ಟಾಕೀಜಿನ ಹಿಂದಿನ ಓಣಿಯಲ್ಲಿ ನನ್ನ ಬಾಡಿಗೆ ಕೋಣೆ, ಅದರ ಗೋಡೆಗೆ ಗೋಡೆ ಹಚ್ಚಿ ಮಾವಶಿಯ ಮನೆ. ಆ ಟಾಕೀಜಿನಲ್ಲಿ ಹೆಂಗಸರಿಗೆ ಬೇರೆ ಬಾಗಿಲು, ಕೂಡಲು ಬೇರೆ ಜಾಗ. ಆ ಬಾಗಿಲಲ್ಲಿ ನಿಂತು ಟಿಕೀಟು ಹರಿಯುವವಳು ಆಕೆ. ತಾಯಿಯ ತಂಗಿಯನ್ನು ಕರೆಯುವಂತೆ ಇಡೀ ಊರು ಅವಳನ್ನು ಮಾವಶಿ ಎಂದೇ ಕರೆಯುತ್ತಿತ್ತು. ಪ್ರೀತಿಗಿಂತ ಅಂಜಿಕೆಯೇ ಹೆಚ್ಚು. ಸೆರಗಿನಡಿ ಇನ್ನೊಂದು ಮಗುವನ್ನು ಮುಚ್ಚಿಕೊಂಡು ನುಸುಳುವ ತಾಯಂದಿರನ್ನು ಆಕೆ ನೋಟದಲ್ಲೇ ನಿಲ್ಲಿಸುತ್ತಿದ್ದಳು. ಒಳಗೆ ಗದ್ದಲ ಮಾಡುವ ಹುಡುಗರ ಕಿವಿ ಅವಳ ಕೈಗೆ ಕತ್ತಲಲ್ಲೂ ಸಿಗುತ್ತಿತ್ತು.

ಟಾಕೀಜಿನ ಸಾವಕಾರರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಹೊಸ ಚಿತ್ರದ ಡಬ್ಬಿಗಳು ರೇಲ್ವೆ ಸ್ಟೇಶನ್ನಿನಿಂದ ಟಾಂಗಾದಲ್ಲಿ ಬಂದು ಇಳಿದೊಡನೆ, ಗುರುವಾರ ಮುಂಜಾನೆ ಊರಿನ ಐದು ಮಂದಿ ತಿಳಿದವರಿಗೆ ಅದನ್ನು ತೋರಿಸುವುದು. ಅದಕ್ಕೆ ಟ್ರಯಲ್ ಶೋ ಎನ್ನುತ್ತಿದ್ದರು. ನಾವು ಚೆನ್ನಾಗಿದೆ ಎಂದರೆ ಶುಕ್ರವಾರದಿಂದ ಊರಿಗೆ. ವಕೀಲರು, ಡಾಕ್ಟರು, ಇಬ್ಬರು ವ್ಯಾಪಾರಸ್ಥರು, ಮತ್ತೆ ಪುಸ್ತಕ ಓದುತ್ತಾನೆಂಬ ಒಂದೇ ಕಾರಣಕ್ಕೆ ನಾನು. ಪ್ರತಿಯೊಬ್ಬರ ಮುಂದೆ ತಟ್ಟೆ ತುಂಬ ಬಿಸಿ ಚಿವಡಾ, ನಡುನಡುವೆ ಚಹಾ. ಉಂಡ ಮನೆಯ ಜಂತೆ ಎಣಿಸಬಾರದಲ್ಲ! ನಾವು ನೋಡಿದ ಚಿತ್ರಗಳೆಲ್ಲ ಚೆನ್ನಾಗಿಯೇ ಇರುತ್ತಿದ್ದವು. ನಾವು ಹೊಗಳಿದ ಮೂರು ಚಿತ್ರಗಳು ಒಂದರ ಹಿಂದೊಂದು ವಾರ ತುಂಬುವ ಮೊದಲೇ ಮಕಾಡೆ ಬಿದ್ದವು.

ಸಾವಕಾರರು ಸೋತುಹೋದರು. ಹತ್ತಿಯ ವ್ಯಾಪಾರಿಯೊಬ್ಬ ಆ ಕಟ್ಟಡವನ್ನು ಗೋದಾಮಿಗೆ ಕೊಡಿ ಎಂದು ಬೆನ್ನು ಹತ್ತಿದ್ದ. ಇನ್ನೊಂದೇ ಚಿತ್ರ, ಅದೂ ಓಡದಿದ್ದರೆ ಪರದೆ ಬಿಚ್ಚಿ ಹತ್ತಿಯ ಮೂಟೆಗಳನ್ನು ತುಂಬಿಸುವುದು ಎಂದು ಅವರು ನಿರ್ಧರಿಸಿದ್ದರು. ಆ ಇನ್ನೊಂದು ಚಿತ್ರ ಮೈಸೂರ ಕಡೆಯಿಂದ ಬರುತ್ತಿದ್ದ ಕನ್ನಡ ಚಿತ್ರ. ಹೆಸರು ಈಗ ನೆನಪಿಲ್ಲ, ನಮ್ಮಲ್ಲಿ ಎಲ್ಲರೂ ಎತ್ತಿನ ಸಿನಿಮಾ ಎನ್ನುತ್ತಿದ್ದರು. ಒಬ್ಬ ಹೆಣ್ಣುಮಗಳು, ಅವಳ ಹೊಲ, ಒಂದು ಮುರುಕು ಕೊಂಬಿನ ಎತ್ತು, ಇಷ್ಟೇ ಕಥೆ. ಒಂದು ತಿಂಗಳು ಮೊದಲೇ ಗೋಡೆಗೋಡೆಗೆ ಅದರ ಚಿತ್ರ ಹಚ್ಚಿ ಊರೆಲ್ಲ ದಾರಿ ಕಾಯುವಂತೆ ಮಾಡಿದ್ದರು. ಆದರೆ ಹಿಂದಿ, ಮರಾಠಿ ಚಿತ್ರಗಳೇ ಮೆರೆಯುತ್ತಿದ್ದ ನಮ್ಮ ಕಡೆ ಕನ್ನಡ ಚಿತ್ರ ಓಡೀತು ಎಂಬ ಧೈರ್ಯ ಯಾರಿಗೂ ಇರಲಿಲ್ಲ.

ಟಾಕೀಜು ಮುಚ್ಚಿದರೆ ಮಾವಶಿ ಮೂಡಲಗಿಯ ತವರಿಗೆ ಹೋಗಬೇಕಿತ್ತು. ಚಿಕ್ಕ ವಯಸ್ಸಿಗೇ ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಅಣ್ಣ ಕರೆಯುತ್ತಲೇ ಇದ್ದನಂತೆ. ಹೋದರೇನು ತಪ್ಪು ಎಂದು ಒಮ್ಮೆ ಕೇಳಿಬಿಟ್ಟೆ.

“ಅಣ್ಣ ಛಲೋ ಮನಶ್ಯಾನ ಅದಾನ್ರಿ ಮಾಸ್ತರ,” ಎಂದಳು. “ಆದ್ರ ಅವನ ಮನ್ಯಾಗ ನಾ ಕೇಳಿ ಉಣಬೇಕು. ಇಲ್ಲೆ ನನ್ನ ಕೇಳದ ಒಬ್ಬಾಕಿನೂ ಒಳಗ ಹೋಗಂಗಿಲ್ಲ.”

ಆ ಗುರುವಾರ ಬಂತು. ಹಿಂದಿನ ಮೂರು ಹೊಗಳಿಕೆಗಳ ಪಾಪ ತೊಳೆದುಕೊಳ್ಳಬೇಕೆಂದು ನಾವು ಐವರೂ ಈ ಸಲ ತಪ್ಪು ಹುಡುಕುವ ಹಟದಿಂದಲೇ ಕುಳಿತೆವು. ಚಿವಡಾ ಮಾತ್ರ ಬಿಡಲಿಲ್ಲ. ಚಿತ್ರ ಮುಗಿದೊಡನೆ ವಕೀಲರು, ಈ ಮೈಸೂರ ಕನ್ನಡ ನಮ್ಮ ಮಂದಿಗೆ ತಿಳಿಯುವುದಿಲ್ಲ ಎಂದು ತೀರ್ಪು ಕೊಟ್ಟರು. ನಾನು ಇನ್ನೂ ಒಂದು ಕೈ ಮೇಲೆ. ಕಥೆಗೆ ಬಂಧವಿಲ್ಲ, ನಡುವೆ ಎಲ್ಲಿಂದಲೋ ಎಲ್ಲಿಗೋ ಹಾರುತ್ತದೆ ಎಂದು ದೊಡ್ಡ ವಿಮರ್ಶಕನ ಹಾಗೆ ನುಡಿದೆ. ಸಾವಕಾರರು ಡಬ್ಬಿಗಳನ್ನು ತಿರುಗಿ ಸ್ಟೇಶನ್ನಿಗೆ ಕಳಿಸಲು ಹೇಳಿದರು.

ಆಗ ಹೆಂಗಸರ ಬಾಗಿಲ ಕಡೆಯಿಂದ ಮಾವಶಿಯ ದನಿ ಬಂತು. ಅಲ್ಲೇ ನಿಂತು ಆಕೆಯೂ ಇಡೀ ಚಿತ್ರ ನೋಡಿದ್ದಳು, ಅದು ನಮ್ಮ ಲಕ್ಷ್ಯಕ್ಕೇ ಬಂದಿರಲಿಲ್ಲ.

“ಸಾವಕಾರ್ರ, ಒಂದ ಮಾತು ಕೇಳ್ಲೇನ್ರಿ? ಸತ್ತ ಎತ್ತು ಮತ್ತ ಹೆಂಗ ಗಳೇ ಹೊಡ್ಯಾಕ ಬಂತ್ರಿ?”

ಹೌದಲ್ಲ! ಎತ್ತು ಸತ್ತಿತ್ತು, ಹೆಣ್ಣುಮಗಳು ಅದರ ಕೊರಳು ತಬ್ಬಿ ಅತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದೇ ಎತ್ತು ಹೊಲದಲ್ಲಿ ನೇಗಿಲು ಎಳೆಯುತ್ತಿತ್ತು. ವಕೀಲರು ಕಸಿವಿಸಿಯಿಂದ, ಅದು ಬೇರೆ ಎತ್ತಿರಬೇಕು ಎಂದರು.

“ಬ್ಯಾರೆ ಎತ್ತಿಗೂ ಎಡಗೊಂಬು ಅಲ್ಲೇ ಮುರದಿರತೈತೇನ್ರಿ ವಕೀಲ ಸಾಹೇಬ್ರ?”

ಮೆಶಿನ್ ಕೋಣೆಯಿಂದ ಆಪರೇಟರ್ ತಲೆ ಕೆರೆಯುತ್ತ ಇಳಿದು ಬಂದ. ದಾರಿಯಲ್ಲಿ ಡಬ್ಬಿಗಳ ಮೇಲಿನ ಚೀಟಿಗಳು ಹರಿದುಹೋಗಿದ್ದವಂತೆ, ಅವನು ಅಂದಾಜಿನ ಮೇಲೆ ರೀಲು ಏರಿಸಿದ್ದನಂತೆ. ನಡುವಿನ ರೀಲುಗಳು ಹಿಂದುಮುಂದಾಗಿದ್ದವು. ಒಕ್ಕಲು ನಾಡಿನ ಐದು ಮಂದಿ ತಿಳಿದವರು ಸತ್ತ ಎತ್ತು ಎದ್ದು ಬಂದದ್ದನ್ನು ಗುರುತಿಸದೆ ಕಥೆಗೆ ಬಂಧವಿಲ್ಲ ಎಂದಿದ್ದೆವು! ತೊಡೆಯ ಮೇಲಿನ ತಟ್ಟೆ ನೋಡಿಕೊಂಡೆ. ಒಂದು ಅವಲಕ್ಕಿಯೂ ಉಳಿದಿರಲಿಲ್ಲ. ಎತ್ತು ಸಾಯುವಾಗ ನಾನು ಶೇಂಗಾ ಆರಿಸುತ್ತಿದ್ದೆ. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ.

ರೀಲು ಸರಿ ಇದ್ದರೆ ಈ ಚಿತ್ರ ಓಡುತ್ತದೆ ಎಂದಳು ಮಾವಶಿ. ಸಾವಕಾರರಿಗೆ ಆದರೂ ನಂಬಿಕೆ ಬರಲಿಲ್ಲ. ನಿನಗೆ ನಿನ್ನ ಬಾಗಿಲು ಉಳಿಯಬೇಕು, ನೀನು ಯಾವುದನ್ನಾದರೂ ಚಲೋ ಎನ್ನುತ್ತೀ ಎಂದು ಮುಖದ ಮೇಲೇ ಅಂದರು. ಅದು ಸುಳ್ಳೂ ಅಲ್ಲ. ಮಾವಶಿ ಸಿಟ್ಟಾಗಲಿಲ್ಲ.

“ಖರೆ ಐತ್ರಿ. ಅದಕ್ಕ ನನ್ನ ಮಾತು ಕೇಳಬ್ಯಾಡ್ರಿ. ನಾಳೆ ಮುಂಜಾನಿ ರೀಲು ಸರಿ ಮಾಡಿ ನಮ್ಮ ಓಣಿ ಹೆಂಗಸರಿಗೆ ತೋರಸ್ರಿ. ಹತ್ತಕ್ಕ ನಳಾ ಬರತೈತಿ. ನಾನ ಬಾಗಲಾ ತಗದು ನಳಾ ಬಂತು ಅಂತ ಒದರತೇನಿ. ಎದ್ದು ಹೋದ್ರ ಡಬ್ಬಿ ಕಳಿಸಿಬಿಡ್ರಿ, ನಾನೂ ಮೂಡಲಗಿ ಬಸ್ಸು ಹತ್ತತೇನಿ.”

ಆ ಮಾತಿನ ತೂಕ ನಮ್ಮ ಓಣಿಯವರಿಗಷ್ಟೇ ಗೊತ್ತು. ಇಡೀ ಓಣಿಗೆ ನೀರಿನ ನಳ ಒಂದೇ. ಹತ್ತಕ್ಕೆ ಬಂದರೆ ತಾಸಿನೊಳಗೆ ನಿಂತುಹೋಗುತ್ತಿತ್ತು. ಬೆಳಕು ಹರಿಯುವ ಮೊದಲೇ ಕೊಡಗಳ ಪಾಳಿ, ಆ ಪಾಳಿಗಾಗಿ ದಿನಾ ಜಗಳ. ಹಿಂದಿನ ವಾರವಷ್ಟೇ ಒಬ್ಬಾಕೆ ಇನ್ನೊಬ್ಬಾಕೆಯ ಮಣ್ಣಿನ ಕೊಡ ಒಡೆದಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿದರೂ ಬಿಟ್ಟಾರು, ನಳ ಬಿಟ್ಟು ಕೂಡುವ ಹೆಂಗಸರಲ್ಲ ಅವರು. ಮಾವಶಿ ತನ್ನ ಬದುಕನ್ನು ಅಂಥ ನಳದ ಮುಂದೆ ಒಯ್ದು ಇಟ್ಟಿದ್ದಳು…

ಶುಕ್ರವಾರ ನಾನು ಸಾಲೆಗೆ ರಜೆ ಚೀಟಿ ಬರೆದುಕೊಟ್ಟು ಟಾಕೀಜಿಗೆ ಹೋದೆ. ನಲವತ್ತು ಹೆಂಗಸರಾದರೂ ಬಂದಿದ್ದರು, ಕಂಕುಳಲ್ಲಿ ಕೂಸುಗಳು ಬೇರೆ. ಹೊರಗೆ ನಳದ ಮುಂದೆ ಅವರ ಕೊಡಗಳ ಪಾಳಿ. ಆಪರೇಟರ್ ಡಬ್ಬಿಗಳ ಮೇಲೆ ಬಿಳಿ ಸುಣ್ಣದ ಖಡುವಿನಿಂದ ದೊಡ್ಡದಾಗಿ ನಂಬರು ಬರೆದಿದ್ದ. ಚಿವಡಾ ಇರಲಿಲ್ಲ. ಚಿತ್ರ ಸುರುವಾಯಿತು. ನಾನು ಪರದೆ ನೋಡಲಿಲ್ಲ, ಗಡಿಯಾರ ನೋಡುತ್ತಿದ್ದೆ. ಸಾವಕಾರರೂ ಹಾಗೆಯೇ.

ಹತ್ತಕ್ಕೆ ಹೊರಗೆ ನಳ ಸುಂಯ್ ಎಂದಿತು. ಮಾವಶಿ ಬಾಗಿಲನ್ನು ಪೂರ್ತಿ ತೆರೆದಳು. ಬಿಸಿಲು ಪರದೆಯ ತನಕ ಹರಿಯಿತು. “ನಳಾ ಬಂತ್ರವಾ, ನಳಾ ಬಂತು!” ಎಂದು ಗಂಟಲು ಹರಿಯುವಂತೆ ಕೂಗಿದಳು. ಮೋಸ ಮಾಡಲಿಲ್ಲ, ಮೆಲ್ಲಗೆ ಹೇಳಿ ಮುಗಿಸಲಿಲ್ಲ, ಎರಡನೆಯ ಸಲವೂ ಅಷ್ಟೇ ಜೋರಾಗಿ ಕೂಗಿದಳು.

ಯಾರೂ ಏಳಲಿಲ್ಲ. ಮುಂದಿನ ಸಾಲಿನಿಂದ, ಕೊಡ ಒಡೆದ ಅದೇ ಹೆಂಗಸು ತಿರುಗಿಯೂ ನೋಡದೆ ಗದರಿದಳು:

“ಬಾಗಲಾ ಹಾಕ ಮಾವಶಿ, ಎತ್ತು ಕಾಣವಲ್ದು!”

ಸಾವಕಾರರು ಹೊರಗೆ ಓಡಿದರು, ಹಿಂದೆಯೇ ನಾನು. ಪಾಳಿಯ ಮೊದಲ ಕೊಡ ತುಂಬಿ ತುಳುಕಿ ನೀರು ಗಟಾರಕ್ಕೆ ಹರಿಯುತ್ತಿತ್ತು, ಅದನ್ನು ಸರಿಸುವ ಒಂದು ಕೈ ಇರಲಿಲ್ಲ. ಅಂಥ ನೋಟ ಆ ಓಣಿ ಹಿಂದೆಂದೂ ಕಂಡಿರಲಿಲ್ಲ! ಸಾವಕಾರರು ಅರೆಗಳಿಗೆ ನಿಂತು ನೋಡಿದರು. ಆಮೇಲೆ ಕಚ್ಚೆ ಬಿಗಿದು, ತಾವೇ ಆ ಕೊಡ ಎತ್ತಿಟ್ಟು ಇನ್ನೊಂದನ್ನು ನಳದ ಕೆಳಗೆ ಇಟ್ಟರು. ಮಾವಶಿ ಬಾಗಿಲು ಹಾಕಿ ಬಂದಳು. ಆ ತಾಸು ನಾವು ಮೂವರೇ ಇಡೀ ಓಣಿಯ ಕೊಡ ತುಂಬಿದೆವು. ಮಾಸ್ತರ ಅದು ಸೋರತೈತಿ, ಸಾವಕಾರ್ರ ಇದು ಆಕಿದಲ್ಲ ಈಕಿದು, ಎಂದು ಮಾವಶಿ ಅಪ್ಪಣೆ ಕೊಡುತ್ತಿದ್ದಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು. ಧೋತರ ತೊಯ್ದು ತೊಪ್ಪೆಯಾದ ಸಾವಕಾರರು ಕಡೆಯ ಕೊಡ ಇಳಿಸಿ, “ಮಾವಶಿ, ನಿನ್ನ ಬಾಗಲಾ ನಿಂದ,” ಎಂದರು.

ಎತ್ತಿನ ಸಿನಿಮಾ ಏಳು ವಾರ ಓಡಿತು. ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿನವರು ಪಾಳಿ ಬದಲಿಸಿಕೊಂಡು ಬಂದರು. ಮೂಡಲಗಿಯಿಂದ ಚಕ್ಕಡಿ ಹೂಡಿಕೊಂಡು ಬಂದರು, ಅದರಲ್ಲಿ ಮಾವಶಿಯ ಅಣ್ಣನೂ ಇದ್ದ. ತಂಗಿಯ ಬಾಗಿಲಲ್ಲಿ ಅವನ ಹೆಂಡತಿ ಪಾಳಿಯಲ್ಲಿ ನಿಂತೇ ಒಳಗೆ ಹೋದಳು. ಕಣಗಲಾದಿಂದ ಹುಕ್ಕೇರಿ ಮೇಲೆ ಹಾಯ್ದು ಬಂದವರು ಟಿಕೀಟು ಸಿಗದೆ ಮರುದಿನದವರೆಗೆ ಕಟ್ಟೆಯ ಮೇಲೆ ಮಲಗಿದರು. ಹೆಂಗಸರ ಜಾಗ ಸಾಲದೆ ನಡುವಿನ ಹಗ್ಗವನ್ನು ಗಂಡಸರ ಕಡೆಗೆ ಮೂರು ಸಲ ಸರಿಸಬೇಕಾಯಿತು, ಸರಿಸಿದವಳು ಮಾವಶಿ. ಮೈಸೂರ ಕನ್ನಡ ತಿಳಿಯಲಿಲ್ಲ ಎಂದು ಯಾರೂ ದೂರಲಿಲ್ಲ. ಹತ್ತಿಯ ವ್ಯಾಪಾರಿ ಕೂಡ ಸಂಸಾರ ಸಮೇತ ಬಂದು ಕಣ್ಣೊರೆಸಿಕೊಂಡು ಹೋದ.

ಅಲ್ಲಿಂದ ಮುಂದೆ ಗುರುವಾರದ ಟ್ರಯಲ್ ಶೋ ಓಣಿಯ ಹೆಂಗಸರಿಗೇ ಹೋಯಿತು. ಭಾರಿ ಹೆಸರು ಹೊತ್ತು ಬಂದ ಒಂದು ಹಿಂದಿ ಚಿತ್ರಕ್ಕೆ, ಮಾವಶಿ ಬಾಯಿ ತೆರೆಯುವ ಮೊದಲೇ ಅರ್ಧ ಮಂದಿ ನಳದ ಹತ್ತಿರ ಇದ್ದರು. ನಮ್ಮ ಐವರಲ್ಲಿ ಆಮೇಲೂ ಕರೆ ಬರುತ್ತಿದ್ದದ್ದು ನನಗೊಬ್ಬನಿಗೇ, ಕೊಡ ತುಂಬಲು.

ಎತ್ತಿನ ಸಿನಿಮಾದ ಏಳನೆಯ ವಾರದ ಕಡೆಯ ದಿನ ಸಾವಕಾರರು ಮಾವಶಿಯನ್ನು ಕರೆದು, ವಕೀಲರು ಕೂಡುತ್ತಿದ್ದ ಕುರ್ಚಿಯಲ್ಲಿ ಕೂಡಿಸಿದರು. ಕೈಗೆ ಚಿವಡಾ ತಟ್ಟೆ ಕೊಟ್ಟರು. ಅವಳ ಬಾಗಿಲನ್ನು ಆ ದಿನ ನಾನು ಕಾದೆ. ಚಿತ್ರ ಮುಗಿದು ದೀಪ ಹತ್ತಿದಾಗ ತಟ್ಟೆ ಕೊಟ್ಟಂತೆಯೇ ಇತ್ತು. ಯಾಕೆ ಮಾವಶಿ ಎಂದೆ.

“ಎತ್ತು ಸಾಯೂಮುಂದ ಯಾರಿಗೆ ತಿನ್ನಾಕ ಆಗತೈತ್ರಿ ಮಾಸ್ತರ?” ಎಂದು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

ಮುಂದೆ ನನಗೆ ಹುಕ್ಕೇರಿಗೆ ವರ್ಗವಾಯಿತು. ಆಕೆ ಕಾಲಲ್ಲಿ ಬಲವಿರುವವರೆಗೂ ಆ ಬಾಗಿಲಲ್ಲೇ ನಿಂತಿದ್ದಳಂತೆ. ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹದಿನೈದು ದಿನದ ಮೇಲೆ. ಹಿಡಿ ಮಣ್ಣು ಹಾಕಲೂ ಆಗಲಿಲ್ಲ… ಟಾಕೀಜೂ ಈಗಿಲ್ಲ, ಆ ಜಾಗದಲ್ಲಿ ಅಂಗಡಿ ಸಾಲು ಎದ್ದಿದೆ.

ಈ ಶುಕ್ರವಾರ ಮೊಮ್ಮಗ ನನ್ನನ್ನು ಆ ನಾಲ್ಕೂವರೆ ಚಿಕ್ಕಿಯ ಸಿನಿಮಾಕ್ಕೆ ಕರೆದೊಯ್ದ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಕೋಟಿನ ಕಿಸೆಯಲ್ಲಿ ಚಿವಡಾ ಪೊಟ್ಟಣ ಇಟ್ಟುಕೊಂಡೇ ಹೋದೆ, ಮುದುಕನೆಂದು ಯಾರೂ ತಡೆಯಲಿಲ್ಲ. ಮಾವಶಿ ಇದ್ದಿದ್ದರೆ ಬಾಗಿಲಲ್ಲೇ ಹಿಡಿಯುತ್ತಿದ್ದಳು. ಇಂಟರ್ವಲ್ಲಿನಲ್ಲಿ ಮೊಮ್ಮಗ, ಹೆಂಗ ಐತಿ ಅಜ್ಜಾ ಎಂದ. ಕಿಸೆಯಿಂದ ಖಾಲಿಯಾದ ಪೊಟ್ಟಣ ತೆಗೆದು ಕೊಡವಿ ತೋರಿಸಿದೆ. ಒಂದು ಅವಲಕ್ಕಿಯೂ ಉದುರಲಿಲ್ಲ. ಅವನಿಗೆ ತಿಳಿಯಲಿಲ್ಲ. ತಿಳಿದು ನಗುತ್ತಿದ್ದವಳು ಒಬ್ಬಳೇ, ಅವಳು ಇರಲಿಲ್ಲ. ಹೊರಗೆ ಬರುವಾಗ ಒಮ್ಮೆ ಹಿಂತಿರುಗಿ ನೋಡಿದೆ. ದೊಡ್ಡ ಗಾಜಿನ ಬಾಗಿಲು, ತಾನೇ ತೆರೆದುಕೊಂಡು ತಾನೇ ಮುಚ್ಚಿಕೊಳ್ಳುತ್ತಿತ್ತು. ಅಲ್ಲಿ ಯಾರೂ ನಿಂತಿರಲಿಲ್ಲ.