ಏಳು ಹಾಲಿ ರೂಪಾಯಿ, ಅಂಗೈಯಗಲದ ತಕ್ಕಡಿ

ನನ್ನ ತವರಿನ ರೂಪಾಯಿ ಖೋಟಾ ಅಲ್ಲ! ಏಳಕ್ಕೆ ಏಳೂ ಅಸಲಿ. ಕಂಡುಹಿಡಿದವಳು ನನ್ನ ಮೊಮ್ಮಗಳು ಅಂಬಿಕಾ. ಓಣಿಗೆಲ್ಲ ಹೇಳಿ ಮುಗಿಯಿತು, ಈಗ ನಿಮ್ಮ ಸರದಿ.

ಮದುವೆಯಾಗಿ ಕೊಂಕಲ್‌ನಿಂದ ಸುರಪುರಕ್ಕೆ ಬರುವಾಗ ನನ್ನವ್ವ ನನ್ನ ಸೆರಗಿಗೆ ಏಳು ಹಾಲಿ ರೂಪಾಯಿ ಕಟ್ಟಿದ್ದಳು. ಹಾಲಿ ಅಂದರೆ ನಿಜಾಮರ ಕಾಲದ ಬೆಳ್ಳಿ ರೂಪಾಯಿ, ಮೇಲೆ ಚಾರ್‌ಮಿನಾರ್. ಆ ದೀಪಾವಳಿಗೆ ಲಕ್ಷ್ಮಿ ಮುಂದೆ ಇಡಲು ತೆಗೆದೆ. ನಾದಿನಿ ಶಂಕ್ರಮ್ಮ ಸುಮ್ಮನಿರಬೇಕಲ್ಲ? ಕಿರಾಣಿ ಅಂಗಡಿಯ ತಕ್ಕಡಿ ತರಿಸಿದಳು. ಒಂದು ತಟ್ಟೆಗೆ ನನ್ನ ರೂಪಾಯಿ, ಇನ್ನೊಂದಕ್ಕೆ ತನ್ನ ಕಲ್ದಾರ್ (ಅದು ಇಂಗ್ಲಿಷರದು). ಅವಳದು ಕೆಳಗೆ, ನನ್ನದು ಮೇಲೆ!

“ಅತ್ತಿಗಿ, ನಿಮ್ಮವ್ವ ಖೋಟಾ ರೊಕ್ಕ ಕೊಟ್ಟು ಕಳಿಸ್ಯಾಳ ನೋಡ್ರಿ. ಪೂಜಿಗಿ ಇಡಬ್ಯಾಡ್ರಿ.”

ಇಡಲಿಲ್ಲ. ನಲವತ್ತು ದೀಪಾವಳಿ ಅವು ಟ್ರಂಕಿನಲ್ಲೇ ಕಳೆದವು. ಬೆಳ್ಳಿ-ಬಂಗಾರದ ಕೆಲಸದ ಪತ್ತಾರನಿಗೆ ತೋರಿಸಬಹುದಿತ್ತಲ್ಲ ಅನ್ನುತ್ತೀರಾ? (ಅವನೂ ಖೋಟಾ ಅಂದುಬಿಟ್ಟರೆ?)

ಹೋದ ವಾರ ಈ ಕತೆ ಅಂಬಿಕಾಳ ಕಿವಿಗೆ ಬಿತ್ತು. ಶಹಾಪುರದಲ್ಲಿ ಬಿಎಸ್ಸಿ ಓದುತ್ತಾಳೆ. ಮರುದಿನವೇ ನನ್ನನ್ನು ಯಾದಗಿರಿಯ ತಕ್ಕಡಿ ಅಂಗಡಿಗೆ ಎಳೆದೊಯ್ದಳು. ಅಡುಗೆಮನೆಯ ತಕ್ಕಡಿ ಅಗ್ಗವಿತ್ತು. “ಒಂದ್ ಗ್ರಾಂ ಕೆಳಗ ಇದಕ್ಕ ಕಣ್ಣ ಕಾಣಂಗಿಲ್ಲ ಆಯಿ” ಎಂದು ದೂರ ಸರಿಸಿದಳು. ಬಂಗಾರದಂಗಡಿಯವರು ಇಡುವಂಥದ್ದು ಬಹಳ ದುಬಾರಿ. ಉಳಿದದ್ದು ಅಂಗೈಯಗಲದ ಡಿಜಿಟಲ್ ತಕ್ಕಡಿ. ಪಾಯಿಂಟ್ ಆದಮೇಲೆ ಎರಡು ಅಂಕಿ ತೋರಿಸುತ್ತದೆ. (ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಪಾಯಿಂಟ್ ಕಲಿಸಿದವಳೂ ಅವಳೇ.)

ಐದು ರೂಪಾಯಿಯ ಒಂದೇ ನಾಣ್ಯವನ್ನು ನಡುವೆ, ಅಂಚಿಗೆ, ಮತ್ತೆ ನಡುವೆ ಇಟ್ಟು ನೋಡಿದಳು. ಪ್ರತಿ ಸಲ ಬೇರೆ ಅಂಕಿ! ಇನ್ನೊಂದು ಕಂಪನಿಯದು ತೆಗೆಸಿದಳು.

“ಏನ್ ತಂಗಿ, ಅಂಗಡಿ ಬಂದ್ ಮಾಡೂತನಕ ತೂಗ್ತಿಯೇನು?” ಅಂಗಡಿಯವ ಛೇಡಿಸಿದ.

“ಸಸ್ತಾ ಇರ್ಲಿ ಅಣ್ಣಾ, ಸುಳ್ಳು ಹೇಳಬಾರದು.”

ಎರಡನೆಯದು ಎಲ್ಲಿಟ್ಟರೂ ಒಂದೇ ಮಾತು ಹೇಳಿತು. ಅಂಗಡಿಯವನ ತೂಕದ ಕಲ್ಲನ್ನೂ ಅದರ ಮೇಲಿಟ್ಟು ತಾಳೆ ನೋಡಿಯೇ ತಂದಳು. ಎಂಥ ಹುಡುಗಿ!

ಮನೆಯಲ್ಲಿ ತೂಗಿದರೆ ಏಳೂ ಹನ್ನೊಂದು ಗ್ರಾಂ, ಮೇಲೆ ಒಂದಿಷ್ಟು. ಹೆಚ್ಚುಕಡಿಮೆ ಎಲ್ಲ ಒಂದೇ. ಮೊಬೈಲ್‌ನಲ್ಲಿ ಹುಡುಕಿ ಚೀರಿದಳು.

“ಆಯಿ, ಹಾಲಿ ತೂಕಾನೇ ಇಷ್ಟಂತ! ಕಲ್ದಾರ್ ಅರ್ಧ ಗ್ರಾಂ ಜಾಸ್ತಿ ಇರತದ. ಶಂಕ್ರಮ್ಮಾಯಿ ಎಮ್ಮಿ ಜೋಡಿ ಆಕಳ ತೂಗ್ಯಾಳ!”

ನನಗೆ ಅಷ್ಟು ಧೈರ್ಯ ಸಾಕಾಯಿತು. ಅಂದೇ ಪತ್ತಾರನ ಹತ್ತಿರ ಹೋದೆವು. ಅವನು ಒರೆಗಲ್ಲಿಗೆ ಉಜ್ಜಿ ನೋಡಿ, “ಅಸಲಿ ಹಾಲಿ ಅದಾವ್ರಿ ಯಮ್ಮಾ. ಮಾರ್ತೀರೇನು?” ಎಂದ.

ಮಾರುವುದಾ? ನನ್ನವ್ವನ ಮರ್ಯಾದೆಯನ್ನಾ? ಮೊಮ್ಮಗಳ ಕೈ ಹಿಡಿದು ಬಜಾರಿನ ನಡುವೆಯೇ ನಡೆದು ಬಂದೆ, ಎಲ್ಲರೂ ನೋಡಲಿ ಎಂದು.

ಸಂಜೆ ಶಂಕ್ರಮ್ಮನನ್ನೂ ಕರೆಸಿದೆ. ಯಜಮಾನರು, ಮಗ, ಸೊಸೆ, ಅಂಬಿಕಾ, ಎಲ್ಲರೂ ಒಂದೇ ಸಾಲಿಗೆ ಊಟಕ್ಕೆ ಕೂತೆವು. ಹೋಳಿಗೆ, ಮೇಲೆ ತುಪ್ಪ.

“ತಪ್ಪಾತ್ರಿ ಅತ್ತಿಗಿ” ಎಂದಳು ಶಂಕ್ರಮ್ಮ, ತಲೆ ತಗ್ಗಿಸಿ.

“ಮೊದಲ ಉಣ್ಣವ್ವ” ಎಂದು ಇನ್ನೊಂದು ಹೋಳಿಗೆ ಹಾಕಿದೆ. ನಲವತ್ತು ವರ್ಷ ನನ್ನವ್ವನನ್ನು ಅನುಮಾನಿಸಿದವಳು ಅವಳೊಬ್ಬಳೇನಾ?