ಸೆರಗು ಒಡ್ಡದ ಹುಡುಗಿ

ಮಾತು ಕೊಡುವುದರಲ್ಲಿ ನಾನು ಬಲು ಧಾರಾಳಿ. ಪ್ರೀತಿಸುವ ವಯಸ್ಸಿನಲ್ಲಂತೂ ಕೇಳದಿದ್ದರೂ ಕೊಡುತ್ತಿದ್ದೆ. ಹೆಣ್ಣುಮಕ್ಕಳು ಅಂಥ ಮಾತನ್ನು ಹೇಗೆ ತೂಗಿ ನೋಡುತ್ತಾರೆಂಬುದು ಆಗ ಗೊತ್ತಿರಲಿಲ್ಲ.

ಮೂವತ್ತರ ದಶಕದ ಕೊನೆ. ನಾನು ತಿಳವಳ್ಳಿಯಲ್ಲಿ ಸಾಲಿ ಮಾಸ್ತರ. ಗಂಗವ್ವ ಮಾಸೂರಿನ ನನ್ನ ಸೋದರಮಾವನ ಮಗಳು, ಹದಿನೆಂಟರವಳು. ನಮ್ಮಿಬ್ಬರ ಮನಸ್ಸು ಕೂಡಿದ್ದನ್ನು ಎರಡೂ ಮನೆಯವರು ಕಂಡೂ ಕಾಣದಂತಿದ್ದರು. ಅವಳಿಗೆ ಓದಲು ಕೊಡುವ ಪುಸ್ತಕದೊಳಗೆ ಪತ್ರ ಇಡುತ್ತಿದ್ದೆ. ಒಮ್ಮೆ, ಏಳು ಜನ್ಮಕ್ಕೂ ನೀನೇ ಎಂದು ಎಂಟು ಪುಟ ಬರೆದೆ. ಉತ್ತರ ಎರಡೇ ಸಾಲು: "ಏಳು ಜನ್ಮದ ಮಾತು ಇರಲಿ. ಲಗ್ನ ಆದ ಮ್ಯಾಲೆ ನನ್ನ ಮುಲ್ಕಿ ಪರೀಕ್ಷೆಗೆ ಕೂಡಸ್ತೀರೇನು?"

ಮಾವ ಅವಳನ್ನು ಮಧ್ಯದಲ್ಲೇ ಸಾಲಿ ಬಿಡಿಸಿದ್ದ. ಏಳನೆಯ ಇಯತ್ತೆಯ ಆ ಮುಲ್ಕಿ ಪಾಸಾದರೆ ತಾನೂ ಸಾಲಿ ಕಲಿಸಬಹುದೆಂಬುದು ಅವಳ ಜೀವದಾಸೆ. ಅವ್ವನನ್ನು ಖಂಡಿತ ಒಪ್ಪಿಸುತ್ತೇನೆಂದು ಬರೆದೆ.

ಬರೆಯುವುದಕ್ಕೇನು! ಸೊಸೆ ಬಂದರೆ ಬೀಸುವ ಕಲ್ಲಿನಿಂದ ಬಿಡುಗಡೆಯೆಂದು ಅವ್ವ ಕಾದಿದ್ದಳು. ನಾಲ್ಕು ಸಲ ಹೇಳಲು ಅಡುಗೆಮನೆಗೆ ಹೋಗಿ, ನಾಲ್ಕು ಸಲವೂ ನೀರು ಕುಡಿದು ಬಂದೆ. ಕಾವ್ಯದ ನಾಯಕರೆಲ್ಲ ಚಂದ್ರನ ಮೇಲೆ ಆಣೆ ಇಡುತ್ತಾರೆ; ಒಬ್ಬನಾದರೂ ಅವ್ವನ ಮುಂದೆ ಬಾಯಿ ತೆರೆದದ್ದನ್ನು ನಾನು ಓದಿಲ್ಲ.

ನಿಶ್ಚಯದ ದಿನ ಬಂತು. ಉಡಿ ತುಂಬುವಾಗ ಹುಡುಗಿ ಸೆರಗು ಒಡ್ಡಬೇಕು, ಅತ್ತೆಯಾಗುವವಳು ಅಕ್ಕಿ, ಕೊಬ್ಬರಿ, ಕುಬಸ ಹಾಕಬೇಕು. ಅಲ್ಲಿಗೆ ಸಂಬಂಧ ಗಟ್ಟಿ. ಅವ್ವ ಬೊಗಸೆ ತುಂಬ ಅಕ್ಕಿ ಹಿಡಿದು ನಿಂತಳು. ಗಂಗವ್ವ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಕುಳಿತಳು.

"ಅತ್ತೀಗೆ ಹೇಳೀರೇನ್ರಿ?" ಎಂದಳು, ನನ್ನ ಕಡೆ ನೋಡಿ.

ಮನೆ ತುಂಬ ಬೀಗರು. ಇವಳು ಎದ್ದು ಒಳಗೆ ಹೋದರೆ ನನ್ನ ಬಾಳು ಮುಗಿಯಿತು ಎನ್ನಿಸಿತು. "ಅವ್ವಾ, ಈಕಿ ಪರೀಕ್ಷೆಗೆ ಕೂಡಬೇಕಂತ. ನಾ ಮಾತು ಕೊಟ್ಟೇನಿ," ಎಂದುಬಿಟ್ಟೆ.

"ಮತ್ತ ಮನಿ ಕೆಲಸಾ?"

"ನಾ ಮಾಡ್ತೇನವ್ವಾ."

"ನೀ? ನಿನಗ ನೀರು ಕಾಸಾಕ ಬರೂದಿಲ್ಲ!"

ಬೀಗರೆಲ್ಲ ನಕ್ಕರು. ಅವ್ವ ಮಾತ್ರ ನಗಲಿಲ್ಲ. ಆ ಬಿಗಿದ ಮುಷ್ಟಿಯನ್ನೇ ಬಹಳ ಹೊತ್ತು ನೋಡಿದಳು. ತನಗೂ ಒಂದು ಕಾಲಕ್ಕೆ ಏನಾದರೂ ಕೇಳಬೇಕೆನ್ನಿಸಿತ್ತೋ ಏನೋ, ಕಣ್ಣು ತುಂಬಿ ಬಂದವು.

"ಒಡ್ಡವಾ ಸೆರಗ. ಇನ್ನೆರಡು ವರ್ಷ ನಾನ ಬೀಸ್ತೇನಿ."

ಗಂಗವ್ವ ಸೆರಗು ಹರಡಿದಳು. ಅಕ್ಕಿ ಸುರಿಯುತ್ತ ಅವ್ವ ಗೊಣಗಿದಳು: "ಚಲೋ ಆತು! ಮಾತು ಕೊಡಾಂವ ಇಂವಾ, ನಡಸಾಕಿ ನಾನು."

ತಲೆ ತಗ್ಗಿಸಿಯೇ ಗಂಗವ್ವ ಅಂದಳು: "ಅದಕ್ಕರಿ ಅತ್ತಿ, ನಿಮ್ಮ ಮುಂದ ಕೇಳಿದ್ದು."